ಹರ್ನಿಯಾ ಆಪರೇಷನ್ ಆಗಿ ವರ್ಷ ಕಳೆದರೂ ನೋವು: ನರ ಸುಡಿಸೋದಾ, ಕತ್ತರಿಸೋದಾ, ಸುಮ್ನಿರೋದಾ?

ಅಡಿಕೆತೋಟ
ಎಲ್ಲರಿಗೂ ನಮಸ್ಕಾರ. ವಯಸ್ಸು 44, ತೀರ್ಥಹಳ್ಳಿ ಕಡೆಯವನು. ಹೋದ ವರ್ಷ ಬಲಗಡೆ ತೊಡೆಸಂದಿಯ ಹರ್ನಿಯಾಗೆ ಓಪನ್ ಆಪರೇಷನ್ ಮಾಡಿ ಮೆಶ್ (ಪ್ಲಾಸ್ಟಿಕ್ ಬಲೆ) ಹಾಕಿದರು. ಗಾಯ ಚೆನ್ನಾಗಿ ಮಾಗಿತು. ನೋವು ಮಾತ್ರ ಹೋಗಲೇ ಇಲ್ಲ. ಹೊಲಿಗೆಯ ಜಾಗದಿಂದ ಕೆಳಗೆ ವೃಷಣದ ಬುಡದವರೆಗೆ ಉರಿ. ಮಧ್ಯೆ ಮಧ್ಯೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ. ಪಂಚೆ ಸವರಿದರೂ ಚುರ್ ಅನ್ನುತ್ತದೆ. ಬೈಕ್ ಹತ್ತುವಾಗಂತೂ ಬೇಡ.

ಆಪರೇಷನ್ ಮಾಡಿದ ಡಾಕ್ಟರು "ಸ್ಕ್ಯಾನಿಂಗ್ ನಾರ್ಮಲ್ ಇದೆ, ನಿಮ್ಮ ಮನಸ್ಸಿಗೆ ಹಾಗನ್ನಿಸುತ್ತದೆ ಅಷ್ಟೇ" ಅಂತ ಕಳಿಸಿದರು. ಇನ್ನೊಬ್ಬರು ನರದ ನೋವಿಗೆ ಪ್ರಿಗಾಬಲಿನ್ ಮಾತ್ರೆ ಕೊಟ್ಟರು. ಉರಿ ಸ್ವಲ್ಪ ಕಮ್ಮಿಯಾಯಿತು, ಆದರೆ ದಿನವಿಡೀ ತೂಕಡಿಕೆ. ಅಡಿಕೆ ಕೊನೆ ಕೊಯ್ಲಿನ ಹೊತ್ತಲ್ಲಿ ಮರದ ಕೆಳಗೆ ನಿಂತುಕೊಂಡೇ ನಿದ್ದೆ.

ಈಗ ಶಿವಮೊಗ್ಗದಲ್ಲಿ ಪೇನ್ ಕ್ಲಿನಿಕ್‌ನವರು ಮೊದಲು ನರಕ್ಕೆ ಬ್ಲಾಕ್ ಇಂಜೆಕ್ಷನ್ (ನರ ಮರಗಟ್ಟಿಸೋದು), ಆಮೇಲೆ ಆರ್‌ಎಫ್ (ಸೂಜಿ ಮೂಲಕ ನರಕ್ಕೆ ರೇಡಿಯೋ ತರಂಗ ಕೊಡೋದು) ಮಾಡೋಣ ಅನ್ನುತ್ತಾರೆ. ಬೆಂಗಳೂರಿನ ಒಬ್ಬ ಸರ್ಜನ್ "ಅದೆಲ್ಲ ದುಡ್ಡು ದಂಡ, ತೆರೆದು ಮೂರು ನರ ಕತ್ತರಿಸಿಬಿಡೋಣ" ಅನ್ನುತ್ತಾರೆ. ಮನೆಯವಳು ಎರಡೂ ಬೇಡ ಅನ್ನುತ್ತಾಳೆ. ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಖಡಕ್‌ರೊಟ್ಟಿ
ಹುಬ್ಬಳ್ಳಿಯಿಂದ. ನಾನು ಮೂರೂ ನರ ಕತ್ತರಿಸಿಕೊಂಡೇನ್ರೀ. ಆರಾಮ ಇದ್ದೇನೆ. ಕತ್ತರಿಸಿ ಒಗೀರಿ, ಚಿಂತಿ ಬಿಡ್ರಿ.

ಸಕ್ಕರೆನಾಡು
@ಖಡಕ್‌ರೊಟ್ಟಿ ಒಂದೇ ಸಾಲಲ್ಲಿ ಮುಗಿಸಿದ್ರಲ್ಲ! ನಮ್ಮ ಭಾವಮೈದನೂ ಕತ್ತರಿಸಿಕೊಂಡ. ಮೇಲಿನ ಉರಿ ಹೋಯಿತು, ವೃಷಣದ ನೋವು ಹಾಗೇ ಉಳಿಯಿತು. ತೊಡೆಸಂದಿ ಮರಗಟ್ಟಿ ಹೋಗಿದೆ. "ಅಲ್ಲಿ ಇರುವೆ ಕಚ್ಚಿದರೂ ಗೊತ್ತಾಗಲ್ಲ, ಒಳಗಿನ ನೋವು ಮಾತ್ರ ಗೊತ್ತಾಗುತ್ತೆ" ಅಂತಾನೆ. ಎಲ್ಲರಿಗೂ ಒಂದೇ ಥರ ಆಗಲ್ಲ.

ಗಿಡಮೂಲಿಕೆ
ಇಂಗ್ಲಿಷ್ ಔಷಧಿ ಬಿಡಿ. ನಮ್ಮೂರಲ್ಲಿ ಒಬ್ಬರು ತೈಲ ಕೊಡುತ್ತಾರೆ. ಎಂತಹ ನರದ ನೋವೂ ಹೋಗುತ್ತದೆ. ಬೇಕಿದ್ದರೆ ಮೆಸೇಜ್ ಮಾಡಿ.

ಪಡ್ಡೆಹುಡುಗ
ಮೂರನೇ ರಿಪ್ಲೈಗೇ ತೈಲ ಬಂತು. ಇನ್ನು ಪುತ್ತೂರು ಕಟ್ಟು ಯಾವಾಗ ಬರುತ್ತೆ?

ಅರಿವಳಿಕೆಡಾಕ್ಟ್ರು
ನಾನು ಅರಿವಳಿಕೆ ವಿಭಾಗದವನು. ಪೇನ್ ಕ್ಲಿನಿಕ್‌ನಲ್ಲೂ ಕೂರುತ್ತೇನೆ. ಇಲ್ಲಿ ಕೂತು ಯಾರಿಗೂ ಚಿಕಿತ್ಸೆ ಹೇಳಲು ಆಗಲ್ಲ, ಆದರೆ ವಿಷಯ ಹೇಳಬಹುದು. ಸ್ವಲ್ಪ ಉದ್ದ ಆಗುತ್ತದೆ.

"ಮನಸ್ಸಿಗೆ ಅನ್ನಿಸುತ್ತದೆ" ಅನ್ನೋದನ್ನ ಮೊದಲು ತಲೆಯಿಂದ ತೆಗೀರಿ. ಆಪರೇಷನ್ ಆಗಿ ಮೂರು ತಿಂಗಳು ದಾಟಿದ ಮೇಲೂ ಉಳಿಯುವ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನೋ ರೋಗಗಳ ಪಟ್ಟಿಯಲ್ಲಿ ಪ್ರತ್ಯೇಕ ಜಾಗವೇ ಇದೆ. 2018ರ ಅಂತರರಾಷ್ಟ್ರೀಯ ಹರ್ನಿಯಾ ಮಾರ್ಗಸೂಚಿ ಪ್ರಕಾರ ತೊಡೆಸಂದಿಯ ಹರ್ನಿಯಾ ಆಪರೇಷನ್ ಆದವರಲ್ಲಿ ಶೇ. 10-12 ಜನಕ್ಕೆ ಗಮನಿಸಲೇಬೇಕಾದಷ್ಟು ನೋವು ಉಳಿಯುತ್ತದೆ. ದಿನ ಕಳೆದ ಹಾಗೆ ಇವರ ಸಂಖ್ಯೆ ಇಳಿಯುತ್ತದೆ. ದಿನದ ಕೆಲಸಕ್ಕೇ ಅಡ್ಡಿಯಾಗುವ ನೋವು ಶೇ. 0.5ರಿಂದ 6ರಷ್ಟು ಜನಕ್ಕೆ.

ಆ ಜಾಗದಲ್ಲಿ ಮೂರು ನರಗಳು ಹಾದುಹೋಗುತ್ತವೆ: ಇಲಿಯೋಇಂಗ್ವೈನಲ್, ಇಲಿಯೋಹೈಪೋಗ್ಯಾಸ್ಟ್ರಿಕ್, ಮತ್ತೆ ಜೆನಿಟೋಫೆಮೊರಲ್ ನರದ ಒಂದು ಕವಲು. ಹೊಲಿಗೆಯಲ್ಲಿ ಸಿಕ್ಕಿಕೊಳ್ಳಬಹುದು, ಮೆಶ್‌ಗೆ ಅಂಟಿಕೊಳ್ಳಬಹುದು, ಎಳೆದಾಟದಲ್ಲಿ ಏಟು ಬಿದ್ದಿರಬಹುದು. ಸ್ಕ್ಯಾನಿಂಗ್‌ನಲ್ಲಿ ಇದು ಸಾಮಾನ್ಯವಾಗಿ ಕಾಣಿಸಲ್ಲ. ಅದಕ್ಕೇ "ನಾರ್ಮಲ್" ಅಂತ ಬರೆದು ಕೊಡುತ್ತಾರೆ.

ಈಗ ಬ್ಲಾಕ್. ಇದನ್ನ ಜನ ಚಿಕಿತ್ಸೆ ಅಂದುಕೊಳ್ಳುತ್ತಾರೆ. ಕೆಲವರಿಗೆ ಅದರಿಂದಲೇ ವಾರಗಟ್ಟಲೆ ಆರಾಮ ಸಿಗುವುದೂ ಉಂಟು. ಆದರೆ ಮುಖ್ಯವಾಗಿ ಅದು ಪರೀಕ್ಷೆ. ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ನರದ ಪಕ್ಕದಲ್ಲಿ ಮರಗಟ್ಟಿಸುವ ಔಷಧಿ ಹಾಕುತ್ತೇವೆ. ಆಮೇಲಿನ ಕೆಲವು ಗಂಟೆಗಳೇ ಮುಖ್ಯ. ಚರ್ಮ ಮರಗಟ್ಟಿ ನೋವೂ ಅರ್ಧಕ್ಕಿಂತ ಜಾಸ್ತಿ ಇಳಿದರೆ, ಆ ನರವೇ ಕಳ್ಳ ಅನ್ನಬಹುದು. ಚರ್ಮ ಮರಗಟ್ಟಿತು, ನೋವು ಮಾತ್ರ ಜಪ್ಪಯ್ಯ ಅನ್ನಲಿಲ್ಲ ಅಂದರೆ ಕಾರಣ ಬೇರೆ ಕಡೆ ಇದೆ: ಇನ್ನೊಂದು ನರ, ಮುದ್ದೆಯಾದ ಮೆಶ್, ಸೊಂಟದ ಕೀಲು, ಬೆನ್ನುಮೂಳೆ, ಅಥವಾ ಹರ್ನಿಯಾ ಮತ್ತೆ ಬಂದಿರಬಹುದು. ಚರ್ಮವೇ ಮರಗಟ್ಟಲಿಲ್ಲ ಅಂದರೆ ಸೂಜಿ ಸರಿಯಾದ ಜಾಗಕ್ಕೆ ಹೋಗಿಲ್ಲ. ಆ ಪರೀಕ್ಷೆ ಲೆಕ್ಕಕ್ಕೇ ಇಲ್ಲ.

ಒಂದೇ ಬ್ಲಾಕ್ ನಂಬಿ ಮುಂದೆ ಹೋಗಬೇಡಿ. ಸೂಜಿ ಚುಚ್ಚಿದ ಸಮಾಧಾನಕ್ಕೇ ನೋವು ಕಮ್ಮಿಯಾಗುವವರೂ ಇದ್ದಾರೆ. ಇನ್ನೊಂದು ದಿನ ಮತ್ತೊಮ್ಮೆ ಮಾಡಿಸಿ, ಎರಡೂ ಸಲ ಒಂದೇ ಉತ್ತರ ಬಂದರೆ ಆಗ ಆರ್‌ಎಫ್, ನರ ಕತ್ತರಿಸೋದು ಎಲ್ಲ ಮಾತಾಡಿ.

ಅಡಿಕೆತೋಟ
ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆರ್‌ಎಫ್ ಅಂದರೆ ನರ ಸುಡೋದೇ ಅಲ್ವಾ? ನನಗೆ ಶುಗರ್ ಬೇರೆ ಇದೆ.

ಅರಿವಳಿಕೆಡಾಕ್ಟ್ರು
ಎರಡು ಥರ ಇದೆ. ಮಾಮೂಲಿ ಆರ್‌ಎಫ್‌ನಲ್ಲಿ ಸೂಜಿಯ ತುದಿ ಸುಮಾರು 80 ಡಿಗ್ರಿಗೆ ಬಿಸಿಯಾಗಿ ನರವನ್ನು ನಿಜವಾಗಿ ಸುಡುತ್ತದೆ. ಪಲ್ಸ್ಡ್ ಆರ್‌ಎಫ್‌ನಲ್ಲಿ 42 ಡಿಗ್ರಿ ದಾಟದ ಹಾಗೆ ಬಿಟ್ಟು ಬಿಟ್ಟು ಕೊಡುತ್ತಾರೆ. ಸುಡಲ್ಲ, ನರದ ಸಂಕೇತವನ್ನು ತಗ್ಗಿಸುತ್ತದೆ. ತೊಡೆಸಂದಿಯಲ್ಲಿ ಎರಡನೆಯದನ್ನೇ ಜಾಸ್ತಿ ಮಾಡುತ್ತಾರೆ, ಯಾಕೆಂದರೆ ಸುಟ್ಟ ನರದಿಂದ ಹೊಸ ಉರಿ ಶುರುವಾಗುವ ಭಯ ಇರುತ್ತದೆ. ನಿಮಗೆ ಯಾವುದು ಮಾಡುತ್ತಾರೆ ಅಂತ ಕೇಳಿ. "ಆರ್‌ಎಫ್" ಅಂತ ಬರೆದ ಚೀಟಿ ಸಾಲದು.

ಎಷ್ಟು ದಿನ ಇರುತ್ತದೆ? ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ಏನೂ ಇಲ್ಲ. ಈ ಜಾಗದ ಮೇಲೆ ಆಗಿರುವ ಅಧ್ಯಯನಗಳು ಚಿಕ್ಕ ಚಿಕ್ಕವು. ಗ್ಯಾರಂಟಿ ಕೊಡುವವರನ್ನ ನಂಬಬೇಡಿ.

ಶುಗರ್: ಬ್ಲಾಕ್‌ಗೆ ಸ್ಟೀರಾಯ್ಡ್ ಸೇರಿಸಿದರೆ ಕೆಲವು ದಿನ ಶುಗರ್ ಏರುತ್ತದೆ. ಮೊದಲೇ ಹೇಳಿ. ಬರೀ ಪರೀಕ್ಷೆಗಾದರೆ ಸ್ಟೀರಾಯ್ಡ್ ಬೇಕಾಗಿಯೇ ಇಲ್ಲ. ರಕ್ತ ತೆಳು ಮಾಡುವ ಮಾತ್ರೆ ಇದ್ದರೂ ತಿಳಿಸಿ. ಕಿಡ್ನಿ ರಿಪೋರ್ಟ್ ತೋರಿಸಿ, ಪ್ರಿಗಾಬಲಿನ್ ಡೋಸ್ ಅದರ ಮೇಲೆ ನಿಲ್ಲುತ್ತದೆ. ತೂಕಡಿಕೆ ಆಗುತ್ತದೆ ಅಂತ ಅದನ್ನ ನೀವೇ ಒಂದೇ ಸಲ ನಿಲ್ಲಿಸಬೇಡಿ, ಇಳಿಸಿ ಇಳಿಸಿ ನಿಲ್ಲಿಸಬೇಕು.

ಸೈಕಲ್‌ಸವಾರ
ಬ್ಲಾಕ್ ಬಗ್ಗೆ ಯಾರೂ ಹೇಳದ ಒಂದು ವಿಷಯ. ನನಗೆ ಮೈಸೂರಿನಲ್ಲಿ ಮಾಡಿದರು. ನೋವು ಮಾಯ. ಖುಷಿಯಾಗಿ ಎದ್ದು ಮೆಟ್ಟಿಲು ಇಳಿಯೋಕೆ ಹೋದೆ, ಎರಡನೇ ಮೆಟ್ಟಿಲಲ್ಲಿ ಬಲ ಮಂಡಿ ತಾನಾಗೇ ಮಡಚಿಕೊಂಡಿತು. ಕಂಬಿ ಹಿಡಿದದ್ದಕ್ಕೆ ಬಚಾವ್. ಔಷಧಿ ಪಕ್ಕದ ತೊಡೆಯ ನರಕ್ಕೂ ಹರಿದಿತ್ತಂತೆ. ಸಂಜೆ ಹೊತ್ತಿಗೆ ಸರಿಹೋಯಿತು. ಒಬ್ಬರೇ ಹೋಗಬೇಡಿ, ಬೈಕ್‌ನಲ್ಲಂತೂ ಬೇಡವೇ ಬೇಡ.

ಬ್ಲಾಕ್‌ಗೆ ಮೊದಲು ಅವರು ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ಹಿಡಿಸಿತು. ಹತ್ತಿ ಸವರಿ, ತಣ್ಣಗಿನ ಸ್ಪಿರಿಟ್ ಮುಟ್ಟಿಸಿ, ಎಲ್ಲಿ ಉರಿ, ಎಲ್ಲಿ ಮರಗಟ್ಟಿದೆ, ಎಲ್ಲಿ ಸರಿಯಿದೆ ಅಂತ ಹೊಟ್ಟೆಯ ಮೇಲೆ ಬಣ್ಣದ ಪೆನ್ನಲ್ಲಿ ಗೆರೆ ಎಳೆದರು. ಕೆಂಪು, ನೀಲಿ ಗೆರೆ ಸೇರಿ ಕಬಿನಿ ಹಿನ್ನೀರಿನ ನಕ್ಷೆ ಥರ ಕಾಣ್ತಿತ್ತು. ನನ್ನ ಕೈಲೇ ಮೊಬೈಲ್‌ನಲ್ಲಿ ಫೋಟೋ ತೆಗೆಸಿ, ಬ್ಲಾಕ್ ಆದ ಮೇಲೆ ಮತ್ತೆ ಹೋಲಿಸಿದರು.

ಪಡ್ಡೆಹುಡುಗ
ಆ ಫೋಟೋ ಫ್ಯಾಮಿಲಿ ಗ್ರೂಪ್‌ಗೆ ಹೋಗದ ಹಾಗೆ ನೋಡಿಕೊಳ್ಳಿ ಸರ್.

ಖಡಕ್‌ರೊಟ್ಟಿ
ಡಾಕ್ಟ್ರೇ, ನಿಮ್ಮ ಮಾತು ಒಪ್ಪತೀನಿ, ಆದರ ಒಂದು ಸಿಟ್ಟೂ ಐತಿ. ನನಗೆ ಬ್ಲಾಕ್ ಮೇಲೆ ಬ್ಲಾಕ್ ಹಾಕಿದರು. ಪ್ರತಿ ಸಲ ಎರಡು ದಿನ ಆರಾಮ, ಮತ್ತ ಅದೇ ಗೋಳು. ಗಿರಾಕಿ ಕೈಬಿಡಬಾರದು ಅಂತ ಹಾಕ್ತಾರೇನೋ ಅನ್ನಿಸ್ತು. ಕಡೀಕೆ ಒಬ್ಬ ಸರ್ಜನ್ ಕೂರಿಸಿ ಕೇಳಿದರು: "ಜೀವನ ಪೂರ್ತಿ ಇಷ್ಟು ಜಾಗ ಮರಗಟ್ಟಿರತೈತಿ, ನಡೀತದೇನು?" ಅಂಗೈ ಇಟ್ಟು ಜಾಗ ತೋರಿಸಿದರು. ನಡೀತದ ಅಂದೆ. ಈಗ ತೊಡೆಸಂದಿ ನನ್ನದಲ್ಲ ಅನ್ನಿಸ್ತದ, ಆದರ ರಾತ್ರಿ ನಿದ್ದಿ ಬರ್ತದ. ಗದ್ಲ ಇಲ್ಲ.

ಅರಿವಳಿಕೆಡಾಕ್ಟ್ರು
@ಖಡಕ್‌ರೊಟ್ಟಿ ನಿಮ್ಮ ಸಿಟ್ಟು ನ್ಯಾಯವೇ. ಎರಡು ಬ್ಲಾಕ್ ಒಂದೇ ಉತ್ತರ ಕೊಟ್ಟ ಮೇಲೆ ಅದನ್ನೇ ಹಾಕುತ್ತಾ ಹೋಗುವುದರಲ್ಲಿ ಅರ್ಥ ಇಲ್ಲ. ಉತ್ತರ ಸಿಕ್ಕಿಯಾಯಿತಲ್ಲ. ನಿಮ್ಮ ಸರ್ಜನ್ ಸರಿಯಾದ ಪ್ರಶ್ನೆ ಕೇಳಿದ್ದಾರೆ. ಏನು ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಏನು ಹೋಗುತ್ತದೆ ಅಂತ ಹೇಳುವವರು ಕಮ್ಮಿ.

ಮೂರೂ ನರ ಒಟ್ಟಿಗೆ ಕತ್ತರಿಸುವ ಪದ್ಧತಿಯನ್ನು ಲಾಸ್ ಏಂಜಲೀಸ್‌ನ ಡಾ. ಪರ್ವಿಜ್ ಅಮಿದ್ 1990ರ ದಶಕದಲ್ಲಿ ಜನಪ್ರಿಯ ಮಾಡಿದರು. ಮೂರೂ ಯಾಕೆ ಅಂದರೆ ಈ ನರಗಳು ಒಂದಕ್ಕೊಂದು ಕವಲು ಕೊಟ್ಟುಕೊಂಡಿರುತ್ತವೆ. ಒಂದನ್ನು ಬಿಟ್ಟರೆ ಅದರ ಮೂಲಕವೇ ನೋವು ಮುಂದುವರಿಯಬಹುದು. ಒಳ್ಳೆಯ ಕೈಯಲ್ಲಿ ಬಹಳ ಜನಕ್ಕೆ ಫಲ ಸಿಕ್ಕಿದೆ. ಆದರೆ ಕತ್ತರಿಸಿದ ತುದಿಯಲ್ಲಿ ಗಂಟು ಬೆಳೆದು ಹೊಸ ನೋವು ಬರಬಹುದು. ಸಂಕೇತ ನಿಂತುಹೋದ ಜಾಗದಲ್ಲೇ ಮಿದುಳು ಉರಿ ಹುಟ್ಟಿಸುವುದೂ ಇದೆ. @ಸಕ್ಕರೆನಾಡು ಹೇಳಿದ ವೃಷಣದ ನೋವಿಗೆ ಎಷ್ಟೋ ಸಲ ದಾರಿಯೇ ಬೇರೆ, ವೀರ್ಯನಾಳದ ಸುತ್ತಲಿನ ಸಣ್ಣ ನರಗಳು. ಈ ಮೂರನ್ನು ಕತ್ತರಿಸಿದರೆ ಅದು ಹೋಗದೇ ಇರಬಹುದು.

ಅದಕ್ಕೇ ಅಡಿಕೆತೋಟ ಅವರೇ, ನಿಮ್ಮ ನೋವು ಚರ್ಮದ ಉರಿಯೋ, ವೃಷಣದ ಒಳಗಿನ ಹಿಂಡುವ ನೋವೋ ಅನ್ನೋದನ್ನ ಬಿಡಿಸಿ ಹೇಳಿ.

ಅಡಿಕೆತೋಟ
ಜಾಸ್ತಿ ಚರ್ಮದ್ದೇ. ಒಳಗಿಂದು ಯಾವಾಗಲಾದರೊಮ್ಮೆ, ಅದೂ ತೋಟದಲ್ಲಿ ಹೊರೆ ಹೊತ್ತ ದಿನ.

ಮೆಶ್‌ವಿರೋಧಿ
ಎಲ್ಲರೂ ನರ ನರ ಅಂತೀರಾ. ಮೂಲ ಕಾರಣ ಮೆಶ್! ಪ್ಲಾಸ್ಟಿಕ್ ಬಲೆ ದೇಹದೊಳಗೆ ಇಟ್ಟರೆ ಇನ್ನೇನಾಗುತ್ತೆ? ಇಂಗ್ಲೆಂಡ್‌ನಲ್ಲಿ 2018ರಲ್ಲೇ ನಿಲ್ಲಿಸಿದರು. ಮೊದಲು ಅದನ್ನ ತೆಗೆಸಿ.

ಲೀಡ್ಸ್‌ಕನ್ನಡಿಗ
ಅಲ್ಲೇ ಇರುವವನು ಹೇಳುತ್ತೇನೆ. 2018ರಲ್ಲಿ ಇಲ್ಲಿ ತಡೆಹಿಡಿದದ್ದು ಹೆಂಗಸರಿಗೆ ಮೂತ್ರ ಸೋರುವ ತೊಂದರೆಗೆ ಯೋನಿಯ ಮೂಲಕ ಹಾಕುತ್ತಿದ್ದ ಮೆಶ್. ಹರ್ನಿಯಾ ಮೆಶ್ ಅಲ್ಲ. ಅದು ಇವತ್ತಿಗೂ ಇಲ್ಲಿ ದಿನಾ ಹಾಕುತ್ತಾರೆ.

ಮೆಶ್‌ವಿರೋಧಿ
ಸರಿ, ಅದು ಬೇರೆ ಇರಬಹುದು. ಆದರೂ ಮೆಶ್ ಇಲ್ಲದೆ ಮಾಡೋರು ಇದ್ದಾರಲ್ಲ? ಪುಣೆಯ ಡಾ. ದೇಸರ್ಡಾ ಹೊಟ್ಟೆಯ ಸ್ನಾಯುಪೊರೆಯದ್ದೇ ಒಂದು ಪಟ್ಟಿ ತೆಗೆದು ಹೊಲಿಯೋ ವಿಧಾನ 2001ರಲ್ಲೇ ಪ್ರಕಟಿಸಿದ್ದಾರೆ.

ಹಳೇಸರ್ಜನ್
ನಿವೃತ್ತ ಸರ್ಜನ್, ದಾವಣಗೆರೆ ಕಡೆ. ದೇಸರ್ಡಾ ವಿಧಾನ ಒಳ್ಳೆಯದೇ. ಆದರೆ ಮೆಶ್ ಇಲ್ಲದಿದ್ದರೆ ನರದ ನೋವು ಬರಲ್ಲ ಅನ್ನೋದು ತಪ್ಪು. ದಾರದಲ್ಲಿ ನರ ಸಿಕ್ಕಿಕೊಂಡರೆ ಸಾಕು. ಮೆಶ್ ಇಲ್ಲದ ಕಾಲದಲ್ಲೂ ಈ ರೋಗಿಗಳು ಬರುತ್ತಿದ್ದರು. ನಾವು "ಹವಾ ಬದಲಾದರೆ ಹೋಗುತ್ತೆ" ಅಂತ ಕಳಿಸುತ್ತಿದ್ದೆವು. ಯಾರೂ ಎಣಿಸುತ್ತಿರಲಿಲ್ಲ ಅಷ್ಟೇ.

ಮೆಶ್ ತೆಗೆಸೋದು ಹುಡುಗಾಟ ಅಲ್ಲ. ಅದು ಮಾಂಸದ ಜೊತೆ ಬೆಸೆದು ಹೋಗಿರುತ್ತದೆ. ಬಿಡಿಸುವಾಗ ರಕ್ತನಾಳಕ್ಕೆ ಏಟು ಬಿದ್ದರೆ ವೃಷಣವೇ ಒಣಗಬಹುದು. ಹರ್ನಿಯಾ ಮತ್ತೆ ಬರಬಹುದು. ಮೆಶ್ ಮಡಚಿ ಗಂಟಾಗಿದೆ ಅಂತ ಖಾತ್ರಿ ಇದ್ದರೆ ಮಾತ್ರ ಆ ಮಾತು.

ಮೆಶ್ ಕಥೆ ಬಂತು ಅಂತ ಒಂದು ಹೇಳಲೇ? ಮಹಾರಾಷ್ಟ್ರದ ದೊಂಡಾಯಿಚಾ ಅನ್ನೋ ಊರಿನ ಡಾ. ತೋಂಗಾಂವ್ಕರ್ ಸೊಳ್ಳೆ ಪರದೆಯ ಬಟ್ಟೆಯನ್ನೇ ಕತ್ತರಿಸಿ, ಸ್ಟೆರಿಲೈಸ್ ಮಾಡಿ ಬಡ ರೋಗಿಗಳಿಗೆ ಹಾಕಿದರು. ಆಗ ನಗುತ್ತಿದ್ದವರೇ ಜಾಸ್ತಿ. ಆಮೇಲೆ ಉಗಾಂಡಾದಲ್ಲಿ ಅಂಥದ್ದೇ ಬಟ್ಟೆಯನ್ನು ದುಬಾರಿ ಮೆಶ್ ಜೊತೆ ಹೋಲಿಸಿ 2016ರಲ್ಲಿ ಪ್ರಕಟಿಸಿದರು. ಒಂದು ವರ್ಷದ ಹೊತ್ತಿಗೆ ಹರ್ನಿಯಾ ಮರುಕಳಿಸುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಪಡ್ಡೆಹುಡುಗ
ನಮ್ಮ ಮನೆ ಪರದೇಲಿ ತೂತು ಇದೆ. ನನಗೆ ಹರ್ನಿಯಾ ಬಂದರೆ ಹೊಸದು ತರಬೇಕು.

ಲೀಡ್ಸ್‌ಕನ್ನಡಿಗ
ನನ್ನದೂ ಇದೇ ತೊಂದರೆ, ಎಡಗಡೆ. ಇಲ್ಲಿ ಸರತಿ ಎಷ್ಟು ಉದ್ದ ಅಂದರೆ ಪೇನ್ ಕ್ಲಿನಿಕ್ ಚೀಟಿ ಬರುವಷ್ಟರಲ್ಲಿ ಊರಿಗೆ ಹೋಗಿ ಮಾಡಿಸಿಕೊಂಡು ಬರಬಹುದಿತ್ತು ಅನ್ನಿಸಿತು. ಬ್ಲಾಕ್‌ಗೆ ಕಾಯುವಾಗಲೇ ಒಂದು ಗುಂಪಿಗೆ ಸೇರಿಸಿದರು: ಫಿಜಿಯೋ, ಮನಶ್ಶಾಸ್ತ್ರಜ್ಞೆ, ನಮ್ಮಂಥ ಹತ್ತು ಹನ್ನೆರಡು ಜನ. ಮೊದಲ ದಿನ ಮೈ ಉರಿದುಹೋಯಿತು, ನನ್ನ ನೋವು ನಿಜ ಅಲ್ಲ ಅಂತಾರಾ ಅಂತ. ಅವರು ಹೇಳಿದ್ದು ಬೇರೆ. ನೋವಿನ ಭಯಕ್ಕೆ ನಾನು ಒಂದು ಕಾಲೆಳೆದು ನಡೆಯೋಕೆ ಶುರು ಮಾಡಿದ್ದೆ. ಅದರಿಂದ ಸೊಂಟ ಹಿಡಿದಿತ್ತು. ಆ ಭಾಗ ಮಾತ್ರ ಅಲ್ಲಿ ಸರಿಹೋಯಿತು. ಉಳಿದ ಉರಿಗೆ ಬ್ಲಾಕ್ ಮಾಡಿದರು, ನಡೀತಾ ಇದೆ.

ಕಡಲತೀರದಫಿಜಿಯೋ
ಹೌದು ಮಾರಾಯ್ರೆ, ಇದನ್ನ ಯಾರೂ ಹೇಳುವುದಿಲ್ಲ. ನನ್ನ ಹತ್ತಿರ ಬರುವ ಎಷ್ಟೋ ಜನರಲ್ಲಿ ಅರ್ಧ ನೋವು ನರದ್ದು, ಅರ್ಧ ತೊಡೆಯ ಒಳಸ್ನಾಯು, ಸೊಂಟದ್ದು. ಬರೀ ನರಕ್ಕೆ ಮಾಡಿಸಿದರೆ ಉಳಿದರ್ಧ ಎಲ್ಲಿಗೆ ಹೋಗುತ್ತದೆ?

ಮೊದಲು ಒಂದು ನೋವಿನ ಪುಸ್ತಕ ಇಡಿ. ಡೈರಿ ಅಂತ ಹೆದರಬೇಡಿ, ಹಾಲಿನ ಲೆಕ್ಕ ಬರೆಯುವ ಪುಸ್ತಕವೇ ಸಾಕು. ಬೆಳಿಗ್ಗೆ, ರಾತ್ರಿ, ಹತ್ತಕ್ಕೆ ಎಷ್ಟು, ಏನು ಮಾಡಿದಾಗ ಜಾಸ್ತಿ. ಬ್ಲಾಕ್ ಆದ ದಿನ ಗಂಟೆಗೊಮ್ಮೆ. ಮನೆಗೆ ಬಂದು ಸುಮ್ನೆ ಮಲಗಬೇಡಿ, ಯಾವುದರಿಂದ ನೋವು ಬರುತ್ತದೋ ಅದನ್ನೇ ನಿಧಾನವಾಗಿ ಮಾಡಿ ನೋಡಿ. ಕಾಲು ಗಟ್ಟಿ ಇದ್ದರೆ ಮಾತ್ರ, @ಸೈಕಲ್‌ಸವಾರ ಕಥೆ ಕೇಳಿದ್ರಲ್ಲ. ಮಲಗಿಯೇ ಇದ್ದರೆ ನೋವು ಇಳಿದದ್ದು ಔಷಧಿಯಿಂದಲೋ ವಿಶ್ರಾಂತಿಯಿಂದಲೋ ಹೇಗೆ ಗೊತ್ತಾಗಬೇಕು?

ಗಿಡಮೂಲಿಕೆ
ತೈಲದಿಂದ ಇದ್ಯಾವ ತಲೆನೋವೂ ಇಲ್ಲ.

ಸಕ್ಕರೆನಾಡು
ಅಣ್ಣ, ಪಂಚೆ ಸವರಿದರೇ ಚುರ್ ಅನ್ನೋ ಜಾಗಕ್ಕೆ ತೈಲ ತಿಕ್ಕೋದು ಹೇಗೆ? ನೀವೇ ಹೇಳಿ.

ಲೆಕ್ಕದಪುಸ್ತಕ
ಖರ್ಚಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ಬ್ಲಾಕ್, ಆರ್‌ಎಫ್ ಎರಡೂ ಅದೇ ದಿನ ಮನೆಗೆ ಕಳಿಸುವಂಥವು. ನಮ್ಮ ಇನ್ಶೂರೆನ್ಸ್‌ನವರು ಮೊದಲು "24 ಗಂಟೆ ಅಡ್ಮಿಟ್ ಆಗಿಲ್ಲ" ಅಂತ ತಗಾದೆ ತೆಗೆದರು. ಪಾಲಿಸಿಯ ಡೇ-ಕೇರ್ ಪಟ್ಟಿ ತೋರಿಸಿದ ಮೇಲೆ ಸ್ವಲ್ಪ ಕೊಟ್ಟರು. ಮುಂಚೆಯೇ ಒಪ್ಪಿಗೆ ಪತ್ರ ತಗೊಳ್ಳಿ, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಪೇನ್ ಕ್ಲಿನಿಕ್ ನಡೆಸೋರು ಇದ್ದಾರೆ, ಕೇಳಿ ನೋಡಿ.

ಅಡಿಕೆತೋಟ
ಎಲ್ಲರಿಗೂ ಥ್ಯಾಂಕ್ಸ್. ಬೆಂಗಳೂರಿನ ಸರ್ಜನ್‌ಗೆ ಫೋನ್ ಮಾಡಿ "ಕತ್ತರಿಸೋ ಮುಂಚೆ ಬ್ಲಾಕ್ ಮಾಡಿ ನೋಡಲ್ವಾ ಸರ್?" ಅಂದೆ. "ಅದರ ಅಗತ್ಯ ಇಲ್ಲ" ಅಂದರು. ಅಲ್ಲಿಗೆ ಅದು ಬಿಟ್ಟೆ. ಶಿವಮೊಗ್ಗದಲ್ಲೇ ಬ್ಲಾಕ್‌ಗೆ ದಿನ ಕೊಟ್ಟಿದ್ದಾರೆ, ಸ್ಟೀರಾಯ್ಡ್ ಇಲ್ಲದೆ. ಮನೆಯವಳೂ ಬರುತ್ತಾಳೆ, ಇಷ್ಟನ್ನೂ ಓದಿ ಹೇಳಿದೆ.

ಹಳೇಸರ್ಜನ್
ಒಳ್ಳೇದು. ಹೋಗುವಾಗ ಹಳೇ ಆಪರೇಷನ್ನಿನ ನೋಟ್ಸ್ ಕೇಳಿ ತಗೊಂಡು ಹೋಗಿ. ಡಿಸ್ಚಾರ್ಜ್ ಚೀಟಿ ಅಲ್ಲ, ಆಪರೇಷನ್ ನೋಟ್ಸ್. ನರಗಳನ್ನು ಗುರುತಿಸಿದರಾ, ಉಳಿಸಿದರಾ, ಮೆಶ್‌ಗೆ ಎಲ್ಲೆಲ್ಲಿ ಹೊಲಿಗೆ ಹಾಕಿದರು ಅಂತ ಅದರಲ್ಲಿ ಇರಬೇಕು. ಕೊಡಲ್ಲ ಅಂದರೆ ಬರವಣಿಗೆಯಲ್ಲಿ ಕೇಳಿ, ಅದು ನಿಮ್ಮ ಹಕ್ಕು.

ಮಲ್ಲಿಗೆದಂಡೆ
ಗಂಡಸರ ಮಧ್ಯೆ ಒಂದು ಪ್ರಶ್ನೆ ಕೇಳಬಹುದಾ? ನನಗೆ ಹರ್ನಿಯಾ ಅಲ್ಲ, ಸಿಸೇರಿಯನ್. ಮಗುವಿಗೆ ಈಗ ನಾಲ್ಕು ವರ್ಷ. ಹೊಲಿಗೆಯ ಎಡ ತುದಿಯಲ್ಲಿ ಇದೇ ಥರ ಉರಿ. ಸೀರೆಯ ಲಂಗದ ಲಾಡಿ ಕಟ್ಟೋಕೆ ಆಗಲ್ಲ. ಕೇಳಿದರೆ ಎಲ್ಲರೂ "ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರಲ್ಲ, ಅದಕ್ಕೇ" ಅಂತಾರೆ. ನಮ್ಮತ್ತೆ "ನಾವು ಮನೇಲೇ ಹೆತ್ತವರು" ಅಂತ ಶುರು ಮಾಡ್ತಾರೆ.

ಅರಿವಳಿಕೆಡಾಕ್ಟ್ರು
ಕೇಳಬೇಕಾದ ಪ್ರಶ್ನೆಯೇ ಮೇಡಂ. ಸಿಸೇರಿಯನ್ನಿನ ಅಡ್ಡಗೀರಿನ ಎರಡು ತುದಿಗಳ ಹತ್ತಿರ ಅವೇ ಇಲಿಯೋಇಂಗ್ವೈನಲ್, ಇಲಿಯೋಹೈಪೋಗ್ಯಾಸ್ಟ್ರಿಕ್ ನರಗಳು ಇರುತ್ತವೆ. ಒಂದು ತುದಿಯಲ್ಲಿ ಮಾತ್ರ ಉರಿ ಅಂದರೆ ಬೆನ್ನಿನ ಇಂಜೆಕ್ಷನ್ ಮೇಲೆ ಹಾಕೋಕೆ ಆಗಲ್ಲ.

ಮನೆಯಲ್ಲೇ ಒಂದು ನೋಡಿ. ಅಂಗಾತ ಮಲಗಿ, ನೋಯುವ ಜಾಗವನ್ನ ಒಂದೇ ಬೆರಳಲ್ಲಿ ಒತ್ತಿ ಹಿಡಿದು, ದಿಂಬಿನಿಂದ ತಲೆ, ಭುಜ ಎತ್ತಿ. ನೋವು ಜೋರಾದರೆ ಅದು ಹೊಟ್ಟೆಯ ಗೋಡೆಯದ್ದು, ಒಳಗಿನ ಅಂಗದ್ದಲ್ಲ ಅನ್ನುವ ಕಡೆಗೆ ವಾಲುತ್ತದೆ. ಇನ್ನೊಂದು ಗಮನಿಸಿ: ಮುಟ್ಟಿನ ದಿನಗಳಲ್ಲಿ ಅಲ್ಲೇ ಊದಿ ನೋವು ಹೆಚ್ಚಾಗುತ್ತದಾ? ಹಾಗಿದ್ದರೆ ಗರ್ಭಕೋಶದ ಒಳಪೊರೆಯಂಥದ್ದು ಗೀರಿನಲ್ಲಿ ಬೆಳೆದಿರಬಹುದು. ಆಗ ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ, ಬ್ಲಾಕ್ ಆಮೇಲೆ.

ಮಲ್ಲಿಗೆದಂಡೆ
ಈಗಲೇ ಮಲಗಿ ನೋಡಿದೆ. ಜೋರಾಯಿತು. ಮುಟ್ಟಿಗೂ ಇದಕ್ಕೂ ಸಂಬಂಧ ಕಾಣಲ್ಲ, ಎಲ್ಲಾ ದಿನ ಒಂದೇ ಥರ. ಆಸ್ಪತ್ರೆಯಲ್ಲಿ ಯಾವ ವಿಭಾಗ ಅಂತ ಕೇಳಬೇಕು ಸರ್? ಚೀಟಿ ಮಾಡೋರು ಪ್ರತಿ ಸಲ ಹೆರಿಗೆ ವಿಭಾಗಕ್ಕೇ ಕಳಿಸ್ತಾರೆ.

ಕಡಲತೀರದಫಿಜಿಯೋ
ಪೇನ್ ಕ್ಲಿನಿಕ್ ಅಂತ ಕೇಳಿ ಮೇಡಂ. ಗೊತ್ತಿಲ್ಲ ಅಂದರೆ ಅನಸ್ತೇಶಿಯಾ ವಿಭಾಗ ಅನ್ನಿ. ಕೆಲವು ಕಡೆ ವಾರಕ್ಕೆ ಒಂದೆರಡು ದಿನ ಮಾತ್ರ ನೋಡುವುದು, ಫೋನ್ ಮಾಡಿಕೊಂಡು ಹೋಗಿ. ಲಾಡಿ ಇಲ್ಲದ, ಸಡಿಲ ಬಟ್ಟೆ ಹಾಕಿಕೊಂಡು ಹೋಗಿ, ಪೆನ್ನಿನ ಗೆರೆ ಹಾಕುತ್ತಾರೆ.